ಬಂಡೆಯಂಚಿನ ಬೋರ್ಡು

ಭಾನುವಾರ ಸಂಜೆ ಐದೂವರೆಗೆ ಕೋಟೆಪಟ್ಟಣದ ಠಾಣೆಗೆ ಇಬ್ಬರು ದೂರು ಹೊತ್ತು ಬಂದರು. ಒಬ್ಬ ದರ್ಜಿ, ಇನ್ನೊಬ್ಬ ಅವನ ಭಾವಮೈದುನ. ಒಂದು ದಿನದ ಪ್ರವಾಸಕ್ಕೆಂದು ಬಸ್ಸಿನಲ್ಲಿ ಬಂದವರು. ಕೋಟೆ ನೋಡಿ ಕಡಲ ಬಂಡೆಗಳಿಗೆ ಇಳಿದಾಗ ದರ್ಜಿಯ ಹೆಂಡತಿ ಕಾಲು ಜಾರಿ ಬಂಡೆಸಂದಿಗೆ ಬಿದ್ದಿದ್ದಳು. ಜೀವ ಉಳಿದಿತ್ತು, ಸೊಂಟದ ಮೂಳೆ ಮುರಿದಿತ್ತು.

"ಅಂಥ ಜಾಗದಲ್ಲಿ ಅಪಾಯ ಅಂತ ಒಂದು ಬೋರ್ಡು ಬೇಡ್ವಾ ಮೇಡಂ? ಆ ಕೋಟೆ ಕಾವಲುಗಾರ ಕತ್ತೆ ಕಾಯ್ತಿದ್ನಾ?" ಎಂದ ಭಾವಮೈದುನ.

ದರ್ಜಿ ಮಾತಾಡಲಿಲ್ಲ. ತೋರಿಸಿದ ಕಡೆ ಸಹಿ ಹಾಕಿದ.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಕಾವಲುಗಾರನನ್ನು ಕರೆಸಿದಳು.

"ಬೋರ್ಡು ಬೆಳಿಗ್ಗೆ ನಾನೇ ಇಟ್ಟೆ ಮೇಡಂ."

"ಹಾಗಿದ್ರೆ ಬೋರ್ಡಿಗೆ ಕಾಲು ಬಂದು ನಡ್ಕೊಂಡು ಹೋಯ್ತಾ?"

ಕಾನ್‌ಸ್ಟೇಬಲ್‌ಗಳು ನಕ್ಕರು. ಅವಳಿಗೂ ತನ್ನ ಮಾತು ಹಿಡಿಸಿತು. ಕಾವಲುಗಾರ ತಲೆತಗ್ಗಿಸಿ ನಿಂತಿದ್ದಂತೆಯೇ ಕೋಟೆಯ ಕಚೇರಿಯಿಂದ ಅವನಿಗೆ ಫೋನ್ ಬಂತು: ನಾಳೆಯಿಂದ ಕೆಲಸಕ್ಕೆ ಬರಬೇಡ.

ಸೋಮವಾರ ಬೆಳಿಗ್ಗೆ ಸ್ಥಳದ ಪಂಚನಾಮೆ. ಕತೆಗಳ ಕೋಟೆಗೆ ಏಳು ಬಾಗಿಲು. ಈ ಕೋಟೆಗೆ ಎರಡೇ, ಎರಡನೆಯದು ನೇರ ಕಡಲಿನ ಬಾಯಿಗೆ ತೆರೆಯುತ್ತಿತ್ತು. ಅದರ ಪಕ್ಕದ ಬುರುಜಿನ ಮರೆಯಲ್ಲಿ ಬೋರ್ಡು ಸಿಕ್ಕಿತು. ಮುಖ ಗೋಡೆಯತ್ತ. ಗಾಳಿಗೆ ಬೀಳದಿರಲೆಂದು ಕಾಲಿನಡಿ ಚಪ್ಪಟೆ ಕಲ್ಲೊಂದನ್ನು ಯಾರೋ ಒತ್ತಿಟ್ಟಿದ್ದರು.

"ಕದ್ದವರು ಇಷ್ಟು ಮರ್ಯಾದೆ ಕೊಡಲ್ಲ ಮೇಡಂ," ಎಂದ ಕಾನ್‌ಸ್ಟೇಬಲ್.

ನಿನ್ನೆಯ ತನ್ನ ಹಾಸ್ಯ ನೆನಪಾಗಿ ಇನ್‌ಸ್ಪೆಕ್ಟರ್‌ಗೆ ಬಾಯಿ ಕಹಿಯಾಯಿತು. ಕಾವಲುಗಾರನ ಮಾತು ನಿಜವೇ ಎಂದು ಒಮ್ಮೆಯಾದರೂ ನೋಡಿಬರಬಹುದಿತ್ತು. ಹತ್ತು ನಿಮಿಷದ ದಾರಿ.

ಆಸ್ಪತ್ರೆಗೆ ಹೋಗಿ ಭಾವಮೈದುನನ ಫೋನಿನ ಚಿತ್ರಗಳನ್ನು ಕೇಳಿದಳು. ಅವನು ಖುಷಿಯಿಂದಲೇ ತೋರಿಸಿದ.

"ಇದು ನಾನು, ಫಿರಂಗಿ ಹತ್ರ. ಇದು ನಾನು, ಬುರುಜಿನ ಮೇಲೆ."

ಪ್ರತಿ ಚಿತ್ರದಲ್ಲೂ ಕೋಟೆ ಅವನ ಕಿವಿಯ ಹಿಂದಿನಿಂದ ಇಣುಕುತ್ತಿತ್ತು. ಒಂದರಲ್ಲಿ, ಅವನ ಭುಜದಾಚೆ, ಗೆರೆ ಅಂಗಿಯವನೊಬ್ಬ ಬೋರ್ಡನ್ನು ಮಗುವಿನಂತೆ ಅವುಚಿಕೊಂಡು ನಡೆಯುತ್ತಿದ್ದ.

"ಇದ್ಯಾರು?"

ಅವನು ಆಗಲೇ ಮೊದಲ ಸಲ ನೋಡಿದ್ದು. "ಭಾವ," ಎಂದವನು ಅಲ್ಲಿಗೇ ನಿಲ್ಲಿಸಿದ.

ಠಾಣೆಗೆ ಕರೆಸಿದಾಗ ದರ್ಜಿ ಅದೇ ಗೆರೆ ಅಂಗಿಯಲ್ಲಿ ಬಂದು ಕುಳಿತ.

"ಬೋರ್ಡು ಯಾಕೆ ತೆಗೆದ್ರಿ?"

"ಫೋಟೋದಲ್ಲಿ ಬರ್ತಿತ್ತು."

"ಬರ್ಲಿ, ಏನೀಗ?"

"ಅದರಲ್ಲಿ ತಲೆಬುರುಡೆ ಇದೆ ಮೇಡಂ. ಸರಿಯಾಗಿ ಅವಳ ಮುಖದ ಪಕ್ಕಕ್ಕೇ." ಅಂಗಿಯ ಅಂಚನ್ನು ಉಗುರಿನಿಂದ ಗೀರುತ್ತ ಹೇಳಿದ: "ನಾನು ತೆಗೆದ ಫೋಟೋನೆಲ್ಲ ಅವಳ ತಮ್ಮ ಬಸ್ಸಿನಲ್ಲಿ ಎಲ್ಲರಿಗೂ ತೋರಿಸಿ ನಗಿಸ್ತಿದ್ದ. ಅಕ್ಕನ ತಲೆ ಎಲ್ಲಿ ಭಾವ, ಮನೇಲೇ ಬಿಟ್ಟು ಬಂದ್ರಾ ಅಂತ. ಅವಳೂ ನಕ್ಕಳು. ಒಂದಾದ್ರೂ ನೆಟ್ಟಗೆ ಬರ್ಲಿ ಅಂತ... ಸ್ವಲ್ಪ ಹಿಂದೆ ಹೋಗು ಅಂದೆ. ನಾನೇ ಅಂದೆ."

"ಕಾವಲುಗಾರನ ತಲೆಗೆ ಯಾಕೆ ಕಟ್ಟಿದ್ರಿ?"

"ಅದು ಅವಳ ತಮ್ಮ ಹೇಳಿದ್ದು. ನಾನು ಸುಮ್ನಿದ್ದೆ. ಸುಮ್ನಿದ್ದು ಸಹಿ ಹಾಕಿದೆ."

ಹೇಳಿಕೆ ಬರೆಸಿಕೊಂಡ ಇನ್‌ಸ್ಪೆಕ್ಟರ್ ಕೋಟೆಯ ಕಚೇರಿಗೆ ಫೋನ್ ಮಾಡಿದಳು. ಬಳಿಕ ಹೊರಗೆ ಕಾದಿದ್ದ ಕಾವಲುಗಾರನ ಬಳಿಗೆ ತಾನೇ ಹೋದಳು. "ನಾಳೆಯಿಂದ ಕೆಲಸಕ್ಕೆ ಹೋಗಿ. ನಿನ್ನೆ ನಾನು ಹಾಗೆ ಮಾತಾಡಬಾರದಿತ್ತು."

"ಹೋಗ್ಲಿ ಬಿಡಿ ಮೇಡಂ," ಎಂದ. ಅವಳತ್ತ ನೋಡಲಿಲ್ಲ.

ಅಜಾಗರೂಕತೆಯಿಂದ ಪ್ರಾಣಾಪಾಯ ತಂದದ್ದು, ಸುಳ್ಳು ದೂರು ಕೊಟ್ಟದ್ದು. ಮಧ್ಯಾಹ್ನ ಮೂರಕ್ಕೆ ದರ್ಜಿಯ ಬಂಧನ.

"ಮನೆಯವರೊಬ್ಬರಿಗೆ ತಿಳಿಸಿ ಸಹಿ ತಗೋಬೇಕು. ಯಾರನ್ನ ಕರೀಲಿ?"

"ಯಾರೂ ಬೇಡ."

"ಕಾನೂನು ಇದೆ."

ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಳು. ಈ ಊರಿನಲ್ಲಿ ಅವನಿಗೆ ಇನ್ನೊಬ್ಬನೇ ಇದ್ದ. ಇನ್‌ಸ್ಪೆಕ್ಟರ್ ಅವಸರ ಮಾಡಲಿಲ್ಲ. ಕಡೆಗೆ ದರ್ಜಿ ಬಾಗಿಲಿನತ್ತ ಕೈ ತೋರಿಸಿದ.

ಆಸ್ಪತ್ರೆಯಿಂದ ಬಂದು ಹೊರಗೆ ನಿಂತಿದ್ದ ಭಾವಮೈದುನ ಒಳಗೆ ಬಂದು ಓದದೆಯೇ ಸಹಿ ಹಾಕಿದ.

"ಏನಾದ್ರೂ ಅನ್ನೋ," ಎಂದ ದರ್ಜಿ.

ಅವನು ಏನೂ ಅನ್ನಲಿಲ್ಲ.