ನಡುವೆ ಕರಗಿದ ನಳಿಗೆ

1963ರ ಫೆಬ್ರವರಿ 12, ಮಂಗಳವಾರ. ನ್ಯೂಜೆರ್ಸಿಯ ಆ ಸಣ್ಣ ಊರಿನ ಠಾಣೆಗೆ ಆಗ್ನೆಸ್ ಡೋಲನ್ ದೂರು ಕೊಡಲು ಬಂದಳು. ಹಿಂದಿನ ದಿನ ರಾಸಾಯನಿಕ ಕಂಪನಿಯ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ಸಿಡಿದು, ಚೂರು ಕುತ್ತಿಗೆಗೆ ಹೊಕ್ಕು ಅವಳ ತಂಗಿ ಫ್ರಾನ್ಸೆಸ್ ಸತ್ತಿದ್ದಳು. ತಪ್ಪು ಸತ್ತವಳದೇ ಎಂದು ಕಂಪನಿ ಕೈತೊಳೆದುಕೊಂಡಿತ್ತು.

ಡಿಟೆಕ್ಟಿವ್ ಕ್ರಾವಿಟ್ಜ್, ಪೇದೆ ಬರ್ಡಿಯೊಂದಿಗೆ ಹೋಗಿ ಮಹಜರು ಮಾಡಿದ. ಕೋಣೆಯ ತುಂಬ ನುಸಿಗುಳಿಗೆಯ ಘಾಟು.

"ನಮ್ಮಜ್ಜಿ ಕಪಾಟು ತೆಗೆದ ಹಾಗಿದೆ," ಎಂದ ಬರ್ಡಿ. ನೆಲದ ರಕ್ತ ಕಂಡು ಟೋಪಿ ತೆಗೆದ.

ಅಲ್ಲಿ ನ್ಯಾಫ್ತಲೀನ್ ಶುದ್ಧಗೊಳಿಸುತ್ತಿದ್ದರು. ನೆಟ್ಟಗೆ ನಿಲ್ಲಿಸಿದ ನಳಿಗೆಯ ಸುತ್ತ ಬಿಸಿ ಬಳೆಯೊಂದು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತದೆ. ಬಳೆಯಿದ್ದಲ್ಲಿ ಪದಾರ್ಥ ಕರಗುತ್ತದೆ, ಬಳೆ ದಾಟಿದ ಮೇಲೆ ಹೆಪ್ಪುಗಟ್ಟುತ್ತದೆ. ಕೊಳೆ ದ್ರವದೊಂದಿಗೆ ತಳ ಸೇರುತ್ತದೆ. ಸಿಡಿದದ್ದು ಹೊಸ ನಳಿಗೆ. ಶನಿವಾರ ಫ್ರಾನ್ಸೆಸ್ ಅದನ್ನು ಜೋಡಿಸಿ, ಸೋಮವಾರ ನಸುಕಿಗೆ ಬಳೆ ತಾನಾಗಿ ಬಿಸಿಯಾಗುವಂತೆ ಗಡಿಯಾರದ ಸ್ವಿಚ್ಚಿಟ್ಟು ಹೋಗಿದ್ದಳು. ಆದರೆ ಕಾಯತೊಡಗಿದಷ್ಟರಲ್ಲೇ ನಳಿಗೆ ಸಿಡಿದಿದ್ದರೂ ಬಳೆ ಅದರ ನಡುವಿನಲ್ಲಿತ್ತು.

ಆ ಯಂತ್ರವನ್ನು ಹಿಂದೆ ನಡೆಸುತ್ತಿದ್ದವನು ಲಾಯ್ಡ್ ಹ್ಯಾಕೆಟ್. ಈಗ ಉಗ್ರಾಣದಲ್ಲಿ ಸೀಸೆ ಜೋಡಿಸುತ್ತಿದ್ದ. ಭಾನುವಾರ ಅವನು ಪ್ರಯೋಗಾಲಯದೊಳಗೆ ಹೋದದ್ದನ್ನು ಕಾವಲುಗಾರ ನೋಡಿದ್ದ. ಕೈಗವಸು ಮರೆತಿದ್ದೆ, ತರಲು ಹೋಗಿದ್ದೆ ಎಂದ ಲಾಯ್ಡ್. ಕ್ರಾವಿಟ್ಜ್ ಅವನ ಮುಂದೆ ಇನ್ನೊಂದು ನಳಿಗೆಯಿಟ್ಟು, ಜೋಡಿಸಿ ತೋರಿಸಲು ಹೇಳಿದ. ಲಾಯ್ಡ್ ಬಳೆಯನ್ನು ತುತ್ತತುದಿಗೆ ಏರಿಸಿದ.

"ಮಧ್ಯದಲ್ಲಿ ಯಾಕಿಡಬಾರದು?"

"ಕರಗಿದ್ದು ಉಬ್ಬುತ್ತೆ. ಮೇಲೂ ಕೆಳಗೂ ಗಟ್ಟಿಯಿದ್ರೆ ಎಲ್ಲಿಗೆ ಹೋಗ್ಬೇಕು? ಗಾಜು ಒಡೆಯುತ್ತೆ."

"ಫ್ರಾನ್ಸೆಸ್ ಮರೆತಿರಬಹುದಲ್ಲ?"

ಹೌದು ಎಂದಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಲಾಯ್ಡ್ ಬಳೆಯ ಮೇಲಿಂದ ಕೈ ತೆಗೆದ.

"ಇಲ್ಲ. ಫ್ರಾನ್‌ಗೆ ಕಲಿಸಿದ್ದು ನಾನು. ಅವಳು ಹಾಗೆ ಮಾಡೋಳಲ್ಲ."

"ಮತ್ತೆ ಯಾರು ಮಾಡಿದ್ರು, ಲಾಯ್ಡ್?"

"ನಾನೇ," ಎಂದ ಲಾಯ್ಡ್.

ಅಂದು ಸಂಜೆಯೇ ಅವನನ್ನು ಬಂಧಿಸಿದರು. ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಹನ್ನೊಂದು ವರ್ಷ ಸಾಕಿದ ಯಂತ್ರವನ್ನು ಕಂಪನಿಯವರು ತನ್ನಿಂದ ಕಿತ್ತು ಫ್ರಾನ್ಸೆಸ್‌ಗೆ ಕೊಟ್ಟಿದ್ದರು. ಯಾರೂ ಇಲ್ಲದ ಹೊತ್ತಿನಲ್ಲಿ ಒಂದು ನಳಿಗೆ ಒಡೆದರೆ ತನ್ನನ್ನೇ ವಾಪಸ್ ಕರೆಯುತ್ತಾರೆಂದುಕೊಂಡು ಭಾನುವಾರ ಬಳೆಯನ್ನು ನಡುವಿಗೆ ಇಳಿಸಿದ್ದ. ಸೋಮವಾರ ಫ್ರಾನ್ಸೆಸ್ ಬೇಗ ಬರುತ್ತಾಳೆಂದು ಗೊತ್ತಿರಲಿಲ್ಲ.

ಕಾರು ಹತ್ತುವಾಗ, ಪಕ್ಕದ ಯಂತ್ರದಲ್ಲಿ ಫ್ರಾನ್ಸೆಸ್ ಹಚ್ಚಿಟ್ಟ ಇನ್ನೊಂದು ನಳಿಗೆ ಕಾಯುತ್ತಲೇ ಇದೆ, ಯಾರಾದರೂ ನೋಡಿಕೊಳ್ಳಲಿ ಎಂದು ಕೇಳಿಕೊಂಡ. ಬರ್ಡಿ ಆಗಲಿ ಎಂದ. ಅದನ್ನು ನೋಡಿಕೊಳ್ಳಬಲ್ಲವರು ಆ ಕಟ್ಟಡದಲ್ಲಿ ಇನ್ನಾರೂ ಉಳಿದಿರಲಿಲ್ಲ.