ದಾಸಮ್ಮನ ಅರ್ಜಿ

ಕಟ್ಟಿನಲ್ಲಿ ಉಳಿದವರೆಲ್ಲರ ಅರ್ಜಿ ಇತ್ತು. ದಾಸಮ್ಮನದು ಮಾತ್ರ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಆಫೀಸಿನ ಬೀರು ತೆಗೆದ ಗುಮಾಸ್ತ ಚಿಕ್ಕನರಸಯ್ಯ ಸ್ಕಾಲರ್‌ಷಿಪ್ ಅರ್ಜಿಗಳ ಕಟ್ಟನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ತಿರುವಿ ಹಾಕಿದ. ಆಮೇಲೆ ಅವನು ಆಡಿದ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಆ ಹುಡುಗಿ ಅರ್ಜಿ ಕೊಟ್ಟೇ ಇಲ್ಲವಂತೆ. ಕೊನೆಯ ದಿನ ಹತ್ತಿರ ಬಂತೆಂದು ಈಗ ನಾಟಕ ಹೂಡಿದ್ದಾಳಂತೆ.

ಕೊಟ್ಟಿದ್ದಳು. ಶನಿವಾರ ನನ್ನ ಕಣ್ಣೆದುರಿಗೇ ಕೊಟ್ಟಿದ್ದಳು. ಹಾಜರಾತಿ ಸರಿಯಿದೆ ಎಂದು ಅದಕ್ಕೆ ರುಜು ಹಾಕಿದವನೇ ನಾನು— ನಂದೀಶ್ವರಯ್ಯ, ಮಧುಗಿರಿಯ ಆ ಕಾಲೇಜಿನಲ್ಲಿ ಚರಿತ್ರೆಯ ಉಪನ್ಯಾಸಕ. ಹುಟ್ಟಿ ಬೆಳೆದದ್ದು ತುಮಕೂರು ಪೇಟೆಯಲ್ಲಿ, ಮೂಗಿನ ತುದಿಯಲ್ಲೇ ಸಿಟ್ಟು. ಇದು ಎಪ್ಪತ್ತೊಂಬತ್ತನೇ ಇಸವಿ ಜುಲೈ ತಿಂಗಳ ಮಾತು.

ದಾಸಮ್ಮ ತೋವಿನಕೆರೆಯ ಕೂಲಿಗಾರ ಸಣ್ಣರಂಗಯ್ಯನ ಮಗಳು. ಅವರ ಹಟ್ಟಿಯಿಂದ ಬಿ.ಎ. ಕೊನೆಯ ವರ್ಷದವರೆಗೆ ಬಂದ ಮೊದಲ ಹೆಣ್ಣು. ಅವಳ ಊಟ, ಫೀಸು ಎಲ್ಲ ಸ್ಕಾಲರ್‌ಷಿಪ್ಪಿನಿಂದ. ಅದು ಒಮ್ಮೆ ಸಿಕ್ಕಿದರೆ ಮುಗಿಯಿತೆಂದಲ್ಲ. ಪ್ರತಿವರ್ಷ ಹೊಸದಾಗಿ ಮಂಜೂರಾಗಬೇಕು. ಗುರುವಾರ ಸಂಜೆಯೊಳಗೆ ಅರ್ಜಿ, ಅಸಲು ಜಾತಿಪತ್ರ ಮತ್ತು ಅಂಕಪಟ್ಟಿಯ ಸಮೇತ ತುಮಕೂರಿನ ಕಚೇರಿ ಸೇರದಿದ್ದರೆ ಆ ವರ್ಷ ಕೈತಪ್ಪಿದಂತೆಯೇ.

ಅವಳು ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ.

“ಈಗ ಊರಿಗೆ ವೋದ್ರೆ ನಾನು ವಾಪಸ್ ಬರಾದಿಲ್ಲ ಸಾ, ನಂಗೊತ್ತು,” ಎಂದಳು. “ಆದ್ರೆ ಅರ್ಜಿ ಸಿಕ್ಕಿದ್ರೆ ಅಷ್ಟೇ ಸಾಲ್ದು. ತಗಂಡೋರು ಸಿಗ್ಬೇಕು.”

ನಾನು ಅವಳನ್ನು ಸೀದಾ ಪರ್ವತಯ್ಯನವರ ಮನೆಗೆ ಕರೆದುಕೊಂಡು ಹೋದೆ. ಅವರು ನಿವೃತ್ತ ಸರ್ಕಲ್ ಇನ್ಸ್‌ಪೆಕ್ಟರು. ಎಲೆ ಅಡಿಕೆ ಮೆಲ್ಲುತ್ತ ಕಣ್ಣು ಮುಚ್ಚಿ ಕೇಳುವುದು ಅವರ ಅಭ್ಯಾಸ. ಮುದುಕ ತೂಕಡಿಸುತ್ತಿದ್ದಾನೆ ಎಂದು ನಂಬಿ ಬಾಯಿಬಿಟ್ಟು ಜೈಲಿಗೆ ಹೋದವರು ಬಹಳ ಜನ.

“ಬೀರುವಿನ ಬೀಗದ ಕೈ ಎಲ್ಲಿರುತ್ತೆ?” ಎಂದು ಕೇಳಿದರು.

ಪ್ರಿನ್ಸಿಪಾಲರ ಕೋಣೆಯ ಬಾಗಿಲ ಹಿಂದೆ ಒಂದು ಮೊಳೆಗೆ ಎಂದೆ. ಜವಾನ ಮುದ್ದಪ್ಪ ವರ್ಷಗಳಿಂದ ಅಲ್ಲೇ ನೇತುಹಾಕುತ್ತಿದ್ದ. ಅದು ಕಾಲೇಜಿನ ಸಿಬ್ಬಂದಿಗೆ ಮಾತ್ರ ಗೊತ್ತು. ಸೋಮವಾರ ಆಡಳಿತ ಮಂಡಳಿಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಬಂದು ಬೆಳಿಗ್ಗೆಯೇ ರಜೆ ಕೊಟ್ಟಿದ್ದರು. ಮುದ್ದಪ್ಪ ಹೊರಬಾಗಿಲಿಗೆ ಬರೀ ಚಿಲಕ ಹಾಕಿ ಸಾವಿನ ಮನೆಗೆ ಹೋಗಿದ್ದ. ಇಡೀ ಮಧ್ಯಾಹ್ನ ಆಫೀಸು ಹಾಗೇ ಬಿದ್ದಿತ್ತು.

“ಈ ಮಗುವಿನ ಮೇಲೆ ಹಗೆ ಯಾರಿಗೆ?”

ಇಬ್ಬರಿಗೆ. ಮೊದಲನೆಯವನು ಚಿಕ್ಕನರಸಯ್ಯ. ಸ್ಕಾಲರ್‌ಷಿಪ್ ಹಣ ಬಂದಾಗಲೆಲ್ಲ ಹುಡುಗರಿಂದ ಕಾಫಿ ಕಾಸು ಎಂದು ಕಿತ್ತುಕೊಳ್ಳುತ್ತಿದ್ದ. ಹೋದ ವರ್ಷ ದಾಸಮ್ಮ ಕೊಡುವುದಿಲ್ಲವೆಂದು ಎಲ್ಲರೆದುರು ಅವನ ಮಾನ ಹರಾಜು ಹಾಕಿದ್ದಳು. ಎರಡನೆಯವರು ಅರ್ಥಶಾಸ್ತ್ರದ ಮೂಡಲಗಿರಿಯಪ್ಪ. ಅವರ ತಂಗಿಯ ಮಗ ನಮ್ಮಲ್ಲೇ ಓದುತ್ತಿದ್ದ. ಶಿರಾದಲ್ಲಿ ಅವನ ಅಪ್ಪನ ಎಣ್ಣೆ ಮಿಲ್ಲು ಗಡಗಡ ಓಡುತ್ತಿದ್ದರೂ ಮಗ ಮಾತ್ರ ಬಡ ವಿದ್ಯಾರ್ಥಿಯೆಂದು ಹಣ ಪಡೆಯುತ್ತಿದ್ದ. ತನಿಖೆಗೆ ಬಂದ ಅಧಿಕಾರಿಯ ಮುಂದೆ ದಾಸಮ್ಮ ಎದ್ದು ನಿಂತು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಹುಡುಗನ ಹಣ ನಿಂತಿತು.

“ಆದರೆ ಅವರು ದೊಡ್ಡ ಮನಸ್ಸಿನವರು ಸಾರ್,” ಎಂದೆ. ಮೂಡಲಗಿರಿಯಪ್ಪ ಮಾರನೆಯ ದಿನವೇ ದಾಸಮ್ಮನನ್ನು ಸ್ಟಾಫ್ ರೂಮಿಗೆ ಕರೆಸಿ, ಸತ್ಯಕ್ಕೆ ಹೆದರದ ಹುಡುಗಿ ಎಂದು ಬೆನ್ನು ತಟ್ಟಿದ್ದರು. ನಾವೆಲ್ಲ ತಲೆದೂಗಿದ್ದೆವು. ಪರ್ವತಯ್ಯ ಕಣ್ಣು ತೆರೆಯಲಿಲ್ಲ.

ಅದೇ ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಯಲ್ಲಿ, ಅವರ ಎದುರಿಗೇ ಪರ್ವತಯ್ಯ ವಿಚಾರಣೆ ನಡೆಸಿದರು. ಮೊದಲು ಚಿಕ್ಕನರಸಯ್ಯನ ಸರದಿ.

“ಸೋಮವಾರ ಎಲ್ಲಿದ್ದೆ?”

“ಪಾವಗಡಕ್ಕೆ ಹೋಗಿದ್ದೆ ಸಾರ್. ಹೆಂಡ್ತಿ ಊರು.”

“ಹೆಂಡತಿಯೂ ಬಂದಿದ್ದಳೋ?”

“ಇಲ್ಲ.”

“ಮಾವನ ಮನೆಯಲ್ಲಿ ಊಟ ಮಾಡಿದೆಯಾ?”

“ಅಲ್ಲಿಗೆ... ಹೋಗ್ಲಿಲ್ಲ ಸಾರ್.”

ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ! ನನಗೆ ಅನುಮಾನವೇ ಉಳಿಯಲಿಲ್ಲ.

ಮೂಡಲಗಿರಿಯಪ್ಪ ಕಾಲ ಮೇಲೆ ಕಾಲು ಹಾಕಿ ಕೂತರು. ಪಾಪ ಆ ಹುಡುಗಿಗೆ ಹೀಗಾಗಬಾರದಿತ್ತು ಎಂದರು.

“ಸೋಮವಾರ ತಾವು?”

“ರಜೆ ಸಿಕ್ಕಿತಲ್ಲ, ಕೊರಟಗೆರೆ ಹತ್ತಿರ ನಮ್ಮ ಹೊಲಕ್ಕೆ ಹೋದೆ. ಭಾನುವಾರ ಒಳ್ಳೆ ಮಳೆಯಾಗಿತ್ತು. ಕಡಲೆಕಾಯಿ ಬಿತ್ತನೆಗೆ ಭೂಮಿ ಹದವಾಗಿತ್ತು.”

“ಎಷ್ಟು ನೇಗಿಲು ಹೂಡಿಸಿದಿರಿ?”

“ಮೂರು ಜೋಡಿ. ಹೊತ್ತು ಮುಳುಗೋವರೆಗೆ ಎತ್ತಿನ ಹಿಂದೆಯೇ ಇದ್ದೆ. ನಾವು ಮುಂದೆ ನಿಲ್ಲದಿದ್ದರೆ ಆಳುಗಳು ಕೆಲಸ ಮಾಡ್ತಾರೆಯೇ ಸಾರ್?”

“ಮಾಡೋದಿಲ್ಲ,” ಎಂದು ಪರ್ವತಯ್ಯ ಒಪ್ಪಿದರು. ಆಮೇಲೆ ಕಡಲೆಕಾಯಿ ಧಾರಣೆ ವಿಚಾರಿಸಿದರು, ಬಿತ್ತನೆ ಬೀಜದ ಗುಣ ವಿಚಾರಿಸಿದರು, ನಮಸ್ಕಾರ ಹೇಳಿ ಕಳಿಸಿಕೊಟ್ಟರು.

ನನಗೆ ತಡೆಯಲಾಗಲಿಲ್ಲ. ಹುಡುಗಿಯ ಬಾಳು ಹೋಗುತ್ತಿರುವಾಗ ಧಾರಣೆ ಯಾಕೆ ಬೇಕಿತ್ತು ಎಂದು ದಾರಿಯಲ್ಲಿ ರೇಗಿದೆ.

“ಮೇಷ್ಟ್ರೇ, ಸಿಟ್ಟು ಒಳ್ಳೆಯದೇ,” ಎಂದರು ಅವರು. “ಗುರುವಾರದವರೆಗೆ ಕೆಡದ ಹಾಗೆ ಇಟ್ಟುಕೊಂಡಿರಿ.”

ಬುಧವಾರ ಅವರು ಮೊದಲ ಬಸ್ಸಿಗೇ ಎಲ್ಲಿಗೋ ಹೋದರು. ನಾನು ಸಿಟ್ಟನ್ನು ಇಟ್ಟುಕೊಳ್ಳಲಾರದೆ ಚಿಕ್ಕನರಸಯ್ಯನನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ಅಡ್ಡಗಟ್ಟಿದೆ. ಅವನು ಕೈಮುಗಿದು ಗೋಳೋ ಎಂದ. ಸೋಮವಾರವೆಲ್ಲ ಅವನು ಪಾವಗಡದಲ್ಲಿ ಇಸ್ಪೀಟು ಆಡುತ್ತ ಕೂತಿದ್ದನಂತೆ. ಹೆಂಡತಿಗೆ ತಿಳಿದರೆ ಮನೆಗೆ ಸೇರಿಸುವುದಿಲ್ಲವಂತೆ. ಜೊತೆಗೆ ಆಡಿದವರ ಹೆಸರನ್ನೂ ಹೇಳಿದ. ನನ್ನ ಕಳ್ಳ ಕೈಬಿಟ್ಟು ಹೋದ.

ಗುರುವಾರ ಬೆಳಿಗ್ಗೆ ಪರ್ವತಯ್ಯ ಎಲ್ಲರನ್ನೂ ಮತ್ತೆ ಸೇರಿಸಿದರು. ದಾಸಮ್ಮ ಗೋಡೆಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಊರಿನಿಂದ ಬಂದ ಅವಳ ತಂದೆ ಸಣ್ಣರಂಗಯ್ಯ. ಬಾಗಿಲ ಬಳಿ ಪೇಟ ಸುತ್ತಿದ ರೈತನೊಬ್ಬ. ಅವನನ್ನು ಕಂಡೊಡನೆ ಮೂಡಲಗಿರಿಯಪ್ಪ ಮೇಲೆ ಹಾಕಿದ್ದ ಕಾಲನ್ನು ಕೆಳಗಿಳಿಸಿದರು.

“ಒಂದು ಮಾತು ನೀವೆಲ್ಲ ಕೇಳಿದಿರಿ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ,” ಎಂದು ಪರ್ವತಯ್ಯ ಶುರುಮಾಡಿದರು. “ಇವರು ಮೂರು ಜೋಡಿ ಎತ್ತು ಹೂಡಿಸಿದರಂತೆ. ಯಾವತ್ತು? ಸೋಮವಾರ.”

ನಾನು ಪ್ರಿನ್ಸಿಪಾಲರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

“ಸೋಮವಾರ ಬಸವಣ್ಣನ ವಾರ. ಈ ಸೀಮೆಯಲ್ಲಿ ಎಂಥ ಹದ ಬಿದ್ದಿರಲಿ, ಅವತ್ತು ಎತ್ತಿನ ಹೆಗಲಿಗೆ ನೊಗ ಇಡೋದಿಲ್ಲ. ಮೈ ತೊಳೆದು ಮೇಯಲು ಬಿಡ್ತಾರೆ. ಹೊಲದಲ್ಲಿ ಒಂದು ದಿನ ಕಾಲಿಟ್ಟವರಿಗೂ ಇದು ಗೊತ್ತು. ವರ್ಷಕ್ಕೊಮ್ಮೆ ಫಸಲಿನ ಹಣ ಎಣಿಸಿಕೊಳ್ಳೋರಿಗೆ ಮಾತ್ರ ಗೊತ್ತಿರೋದಿಲ್ಲ. ಇವರ ಹೊಲ ನೋಡಿಕೊಳ್ಳೋ ಕ್ಯಾತಪ್ಪ ಇವನು. ಹೇಳಪ್ಪ.”

“ಸ್ವಾಮಾರ ನೊಗ ಇಕ್ಕಿದ್ರೆ ಊರೋರು ನನ್ನ ಒಳೀಕೆ ಬುಟ್ಕತಾರಾ ಸೋಮಿ?” ಎಂದ ಕ್ಯಾತಪ್ಪ. “ಯಜಮಾನ್ರು ಯುಗಾದಿಗೆ ಬಂದೋರು ಮತ್ತೆ ಈ ಕಡೀಕೆ ತಲೆ ಆಕಿಲ್ಲ. ಬಿತ್ನೆ ನಾವು ಮಾಡಿದ್ದು ಮಂಗ್ಳಾರ.”

ಪರ್ವತಯ್ಯ ಮೂಡಲಗಿರಿಯಪ್ಪನವರ ಕಡೆ ತಿರುಗಿದರು.

“ಸುಳ್ಳು ಹೇಳೋ ಅಗತ್ಯ ಯಾಕೆ ಬಂತು ಮೂಡಲಗಿರಿಯಪ್ಪನವರೇ? ಆ ಮಧ್ಯಾಹ್ನ ನೀವು ಈ ಕಟ್ಟಡದಲ್ಲೇ ಇದ್ದಿರಿ, ಅದಕ್ಕೆ. ಅರ್ಜಿಯನ್ನು ನೀವು ಸುಟ್ಟಿಲ್ಲ, ಅದೂ ನನಗೆ ಗೊತ್ತು. ಸೇಡು ಇಟ್ಟುಕೊಂಡವನು ಸುಡೋದಿಲ್ಲ. ಶುಕ್ರವಾರ ಅದು ಬೀರುವಿನ ಮೂಲೆಯಲ್ಲಿ ಸಿಗಬೇಕಿತ್ತು, ಅವಧಿ ಮುಗಿದ ಮೇಲೆ. ಅದನ್ನು ಕೈಯಲ್ಲಿ ಹಿಡಿದು ನಿಂತ ಇವಳ ಮುಖವನ್ನು ನಿಮಗೆ ನೋಡಬೇಕಿತ್ತು. ಎಲ್ಲಿದೆ?”

ಮೂಡಲಗಿರಿಯಪ್ಪ ಮನೆಯಲ್ಲಿದೆ ಎಂದರು. ಆಮೇಲೆ ಒಮ್ಮೆಲೇ ಅವರ ಒಳಗಿದ್ದದ್ದು ಹೊರಗೆ ಬಂತು. “ನನ್ನ ತಂಗಿ ಮನೆಯವರು ಶಿರಾದಲ್ಲಿ ತಲೆ ಎತ್ತಿ ತಿರುಗದ ಹಾಗೆ ಮಾಡಿದಳು. ಇವಳಿಗೆ ಯಾಕೆ ಬೇಕಿತ್ತು? ಒಂದು ವರ್ಷ ಮನೆಯಲ್ಲಿ ಕೂತರೆ ಬುದ್ಧಿ ಬರಲಿ ಅಂತ ತಗೊಂಡೆ.”

ಬೆನ್ನು ತಟ್ಟಿದ ಕೈ ಅದೇ ತಾನೇ. ಎದ್ದು ಹೋಗಿ ಕಪಾಳಕ್ಕೆ ಬಾರಿಸಬೇಕೆನಿಸಿತು. ಪರ್ವತಯ್ಯ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದರು.

ಮುದ್ದಪ್ಪ ಓಡಿಹೋಗಿ ಅರ್ಜಿ ತಂದ. ಒಂದು ಕಾಗದವೂ ಹರಿದಿರಲಿಲ್ಲ. ಪ್ರಿನ್ಸಿಪಾಲರಿಗೆ ಜೀವ ಬಂತು. ಸಿಕ್ಕಿತಲ್ಲ, ಇದನ್ನು ಇಲ್ಲಿಗೇ ಬಿಡೋಣ, ಕಾಲೇಜಿನ ಮರ್ಯಾದೆ ಎಂದು ಏನೇನೋ ಹೇಳಿದರು. ಮೂಡಲಗಿರಿಯಪ್ಪ ಕೈಜೋಡಿಸಿ, ತಪ್ಪಾಯಿತು, ತಂದೆಯೆಂದು ತಿಳಿದು ಕ್ಷಮಿಸು ಎಂದರು.

ದಾಸಮ್ಮ ಅರ್ಜಿಯನ್ನು ಅವರ ಕೈಗೇ ಕೊಟ್ಟಳು.

“ತುಮಕೂರಿಗೆ ನೀವೇ ತಗಂಡೋಗಿ ಸಾ. ನಮ್ಮಪ್ಪನ ಜತೀಲಿ ಒಂದೇ ಸೀಟಲ್ಲಿ ಕೂತ್ಕಂಡು ವೋಗಿ. ಅಲ್ಲಿ ಆಫೀಸರ್ ಮುಂದೆ ನೀವು ಮಾಡಿದ್ದ ನಿಮ್ಮ ಬಾಯಲ್ಲೇ ಯೋಳಿ ಕೊಟ್ಟು ಬನ್ನಿ.”

ಇಷ್ಟಕ್ಕೇ ಬಿಟ್ಟಳಲ್ಲ ಎಂದು ಪ್ರಿನ್ಸಿಪಾಲರು ನಿಟ್ಟುಸಿರು ಬಿಟ್ಟರು. ಮೂಡಲಗಿರಿಯಪ್ಪನವರ ಮುಖದಲ್ಲೂ ಸ್ವಲ್ಪ ರಕ್ತ ಕಾಣಿಸಿತು. ಬಸ್ಸು ಹತ್ತಿಸಲು ನಾನೇ ಹೋದೆ. ಸಣ್ಣರಂಗಯ್ಯ ಸಂಕೋಚದಿಂದ ನಿಂತೇ ಇದ್ದ. ನಾನು ಅವನ ಭುಜ ಒತ್ತಿ ಕಿಟಕಿಯ ಪಕ್ಕ ಕೂರಿಸಿದೆ. ಇಷ್ಟು ಕಡಿಮೆ ಶಿಕ್ಷೆಗೆ ಒಪ್ಪಿದ್ದಕ್ಕೆ ದಾಸಮ್ಮನ ಮೇಲೂ ನನಗೆ ಸ್ವಲ್ಪ ಕೋಪವಿತ್ತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಪರ್ವತಯ್ಯನವರ ಜೊತೆ ಕಾಯುತ್ತಿದ್ದೆ. ಮೊದಲು ಇಳಿದವನು ಸಣ್ಣರಂಗಯ್ಯ. ಅರ್ಜಿ ತಗೊಂಡರು, ಇವರು ಎಲ್ಲವನ್ನೂ ಹೇಳಿದರು, ಸಾಹೇಬರು ಅದನ್ನು ಬರೆದುಕೊಂಡು ಇವರ ಕೈಲೇ ರುಜು ಹಾಕಿಸಿದರು ಎಂದ. ಅವನ ಹಿಂದೆ ಮೂಡಲಗಿರಿಯಪ್ಪ ಇಳಿದರು. ದಾಸಮ್ಮ ಎದುರಿಗೆ ನಿಂತಿದ್ದಳು. ಅವಳ ಪಕ್ಕದಲ್ಲಿ ಸಬ್ ಇನ್ಸ್‌ಪೆಕ್ಟರು, ಇಬ್ಬರು ಕಾನ್‌ಸ್ಟೇಬಲ್‌ಗಳು. ಮಧ್ಯಾಹ್ನವೇ ಅವಳು ದೂರು ಕೊಟ್ಟಿದ್ದಳು. ಪರ್ವತಯ್ಯ ಬೇರೆ ಕಡೆ ನೋಡುತ್ತಿದ್ದರು.

“ಹೇಳಿದ ಹಾಗೆ ಎಲ್ಲಾ ಮಾಡಿದೆನಲ್ಲಮ್ಮ,” ಎಂದರು ಮೂಡಲಗಿರಿಯಪ್ಪ. “ಕ್ಷಮಿಸಿದೆ ಅಂತಲ್ಲವೇ ಕಳಿಸಿದ್ದು?”

“ಒಪ್ಕಂಡು ಬನ್ನಿ ಅಂದೆ ಸಾ. ಕ್ಷಮಿಸ್ತೀನಿ ಅಂತ ನಾನು ಎಲ್ಲೂ ಅನ್ಲಿಲ್ಲ.”

ಠಾಣೆ ಪೇಟೆಯ ಆ ತುದಿಯಲ್ಲಿತ್ತು. ಅಂಗಡಿಗಳೆಲ್ಲ ತೆರೆದಿದ್ದವು. ಅವರನ್ನು ನಡೆಸಿಕೊಂಡೇ ಹೋದರು, ದಾಸಮ್ಮ ಕೊನೆಯವರೆಗೂ ಹಿಂದೆಯೇ ನಡೆದಳು.