ಬ್ಲೂಟೂತ್ ಇರಲೇಬೇಕು

“ಲ್ಯಾಪ್‌ಟಾಪ್‌ಗೆ ಎಂತ ಆಗಿದೆ?”

ಕೌಂಟರಿನ ಮೇಲೆ ಯಾರೋ ಬ್ಯಾಗ್ ಇಟ್ಟ ಸದ್ದು ಕೇಳಿ, ಶಿಲ್ಪಶ್ರೀ ತಲೆ ಎತ್ತದೆಯೇ ಕೇಳಿದಳು. ಅವಳ ಕಣ್ಣೆಲ್ಲ ಮುಂದೆ ಬಿಚ್ಚಿಟ್ಟಿದ್ದ ಪ್ರಿಂಟರಿನ ಮೇಲಿತ್ತು.

ಉತ್ತರ ಬರಲಿಲ್ಲ.

“ಹಲೋ... ನಿಮ್ಮನ್ನೇ ಕೇಳಿದ್ದು!”

ಆಗಲೂ ಇಲ್ಲ. ಇದೆಂಥ ಗಿರಾಕಿ ಎಂದು ಕಿರಿಕಿರಿಯಿಂದ ತಿರುಗಿದಳು.

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಮೇಜಿನ ಕೆಳಗೆ ಬಿತ್ತು.

ಯಜ್ಞೇಶ!

ಮೂರು ವರ್ಷ. ಸರಿಯಾಗಿ ಹೇಳಬೇಕೆಂದರೆ ಮೂರು ವರ್ಷ, ಎರಡು ತಿಂಗಳು. ಅವನು ಬಡವಾಗಿದ್ದ. ಗಡ್ಡ ಬಿಟ್ಟಿದ್ದ. ಅವಳನ್ನು ನೋಡಿದ ಕೂಡಲೇ ಅವನ ಮುಖದ ಬಣ್ಣವೂ ಹೋಯಿತು. ಕೊಪ್ಪದ ಬಸ್ ಸ್ಟ್ಯಾಂಡ್ ಪಕ್ಕದ ಈ ರಿಪೇರಿ ಅಂಗಡಿಯಲ್ಲಿ ಅವಳು ಇರುತ್ತಾಳೆಂದು ಅವನಿಗೂ ಗೊತ್ತಿರಲಿಲ್ಲ.

ಅಳಬಾರದು... ಇವನ ಎದುರು ಮಾತ್ರ ಅಳಬಾರದು!

ರಸೀದಿ ಪುಸ್ತಕ ಹುಡುಕುವವಳ ಹಾಗೆ ಅವಳು ಕಪಾಟಿನ ಕಡೆ ತಿರುಗಿ ನಿಂತಳು. ಆದರೆ ಮಾತು ತಡೆಯಲಾಗಲಿಲ್ಲ.

“ಅಪ್ಪ ಹೋಗಿ ಎರಡು ವರ್ಷ ಆಯ್ತು. ಗೊತ್ತಾ ನಿಮಗೆ? ಕೊನೆಯವರೆಗೂ ಕೇಳ್ತಾ ಇದ್ರು... ‘ಆ ಹುಡುಗ ಯಾಕೆ ಬರ್ಲಿಲ್ಲ ಕೂಸೇ’ ಅಂತ. ನಾನು ಎಂತ ಉತ್ತರ ಕೊಡ್ಲಿ ಹೇಳಿ?”

ಬೆನ್ನ ಹಿಂದೆ ಬ್ಯಾಗಿನ ಜಿಪ್ ತೆರೆದ ಸದ್ದು.

“ವೈಫೈ ಬರ್ತಾ ಇಲ್ಲ,” ಅಂದ ಯಜ್ಞೇಶ. ಸ್ವಲ್ಪ ಜೋರಾಗಿಯೇ.

ಶಿಲ್ಪಶ್ರೀಗೆ ಯಾರೋ ಎದೆಗೆ ಒದ್ದ ಹಾಗಾಯಿತು. ಅಪ್ಪ ಸತ್ತ ವಿಷಯ ಹೇಳಿದರೆ... ವೈಫೈ!

ಅವಳು ತಿರುಗಿದಾಗ ಅವನು ಒಂದು ಚೀಟಿ ಮುಂದಿಟ್ಟ. ಮನೆಯಿಂದಲೇ ಬರೆದು ತಂದಿದ್ದ. ಲ್ಯಾಪ್‌ಟಾಪಿನ ಮಾಡೆಲ್ ನಂಬರ್, ಶೃಂಗೇರಿಯ ವಿಳಾಸ, ಮೊಬೈಲ್ ನಂಬರ್. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಎರಡು ಸಾಲು.

‘ಒಳಗೇ ಕೂರುವ ವೈರ್‌ಲೆಸ್ ಕಾರ್ಡ್ ಹಾಕಿಕೊಡಿ. ಬ್ಲೂಟೂತ್ ಇರಲೇಬೇಕು.’

‘ದಯವಿಟ್ಟು ಕರೆ ಮಾಡಬೇಡಿ. ಮೆಸೇಜ್ ಮಾತ್ರ ಕಳಿಸಿ.’

“ನಿಮಗೆ ಕರೆ ಮಾಡ್ಲಿಕ್ಕೆ ಇಲ್ಲಿ ಯಾರೂ ಕಾದು ಕೂತಿಲ್ಲ,” ಅಂದಳು ಅವಳು ರಸೀದಿ ಬರೆಯುತ್ತಾ.

ಅವನು ಕೈ ಚಾಚಿದ. ರಸೀದಿ ತೆಗೆದುಕೊಂಡ. ಏನೋ ಹೇಳಲು ಬಾಯಿ ತೆರೆದ... ಅವಳ ಬಿಗಿದ ಮುಖ ನೋಡಿ ಸುಮ್ಮನಾದ. ಹೊರಟುಹೋದ.

ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು.

ಎನ್.ಆರ್.ಪುರದಲ್ಲಿ ಅವಳು ಕಂಪ್ಯೂಟರ್ ರಿಪೇರಿ ಕಲಿಯುತ್ತಿದ್ದಾಗ ಎದುರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅವನು ಪುಟ ಜೋಡಿಸುವ ಕೆಲಸ ಮಾಡುತ್ತಿದ್ದ. ಎರಡು ವರ್ಷದ ಪ್ರೀತಿ ಅದು. ದಿನಾ ಸಂಜೆ ಫೋನು. ಕಲಿಕೆ ಮುಗಿಸಿ ಅವಳು ಹಿರೇಕೊಡಿಗೆಯ ಮನೆಗೆ ಮರಳಿದ ಮೇಲೆ ಅಪ್ಪನಿಗೆ ಧೈರ್ಯ ಮಾಡಿ ಹೇಳಿದ್ದಳು. ಅಪ್ಪ ಹರಿಹರ ಭಟ್ಟರು ಎರಡು ದಿನ ಮಾತಾಡಿರಲಿಲ್ಲ. ಮೂರನೆಯ ದಿನ, “ಹುಡುಗನ್ನ ಭಾನುವಾರ ಊಟಕ್ಕೆ ಕರಿ” ಅಂದಿದ್ದರು.

ಅವಳು ಕುಣಿಯುತ್ತಾ ಫೋನ್ ಮಾಡಿ ಹೇಳಿದ್ದಳು. ಅವನು “ಹೂಂ, ಆಯ್ತು” ಅಂದಿದ್ದ.

ಬರಲಿಲ್ಲ.

ಹೋಳಿಗೆ ಮಾಡಿದ್ದರು ಅಂದು. ಅಪ್ಪ ಸಂಜೆ ನಾಲ್ಕರವರೆಗೂ ಊಟ ಮಾಡದೆ ಜಗಲಿಯಲ್ಲಿ ಕೂತಿದ್ದರು. ಆ ಅವಮಾನಕ್ಕೆ ಅವಳು ಮತ್ತೆ ಫೋನ್ ಮಾಡಲಿಲ್ಲ. ಅವನ ಮೆಸೇಜುಗಳಿಗೂ ಉತ್ತರ ಕೊಡಲಿಲ್ಲ. ಹದಿನೈದು ದಿನದ ನಂತರ ಅವನ ಕೊನೆಯ ಮೆಸೇಜ್ ಬಂದಿತ್ತು. ‘ನಿನಗೆ ಅರ್ಥ ಆಗಿದೆ ಅಂತ ಗೊತ್ತಾಯ್ತು. ತಪ್ಪು ನಿನ್ನದಲ್ಲ. ಸುಖವಾಗಿರು.’

ಅಂದೇ ಅವಳು ಅವನ ನಂಬರ್ ಬ್ಲಾಕ್ ಮಾಡಿದ್ದಳು.

ಯಜ್ಞೇಶ ಅಂಗಡಿಗೆ ಬಂದು ಹೋದ ಮರುದಿನ ಲ್ಯಾಪ್‌ಟಾಪ್ ಬಿಚ್ಚಿದಳು. ಹತ್ತು ಹನ್ನೆರಡು ವರ್ಷ ಹಳೆಯದು. ಒಳಗಿನ ಕಾರ್ಡ್ ಸುಟ್ಟುಹೋಗಿತ್ತು.

ಅಂಗಡಿಯ ಮಾಲೀಕ ಗಣಪತಿಯಣ್ಣ ಬಗ್ಗಿ ನೋಡಿದರು. “ಯುಎಸ್‌ಬಿಗೆ ಚುಚ್ಚುವ ವೈಫೈ ಕಡ್ಡಿ ಒಂದು ಕೊಟ್ಟು ಕಳ್ಸು ಮಾರಾಯ್ತಿ. ಇದಕ್ಕೆಲ್ಲ ಯಾರು ತಲೆ ಕೆಡಿಸ್ಕೊಳ್ತಾರೆ?”

“ಎರಡು ಪೋರ್ಟ್ ಮುರಿದಿದೆ ಅಣ್ಣ. ಉಳಿದ ಒಂದರಲ್ಲಿ ಅವರ ಸಾಫ್ಟ್‌ವೇರ್‌ನ ಕೀ ಇದೆ, ಪೆನ್‌ಡ್ರೈವಿನ ಹಾಗಿರುವುದು. ಪುಸ್ತಕದ ಪುಟ ಮಾಡುವ ಹಳೇ ಸಾಫ್ಟ್‌ವೇರ್. ಆ ಕೀ ತೆಗೆದ್ರೆ ಕೆಲಸ ನಿಂತು ಹೋಗ್ತದೆ.”

ಅಂಗಡಿಯಲ್ಲಿದ್ದ ಕಾರ್ಡುಗಳಲ್ಲಿ ಹೆಚ್ಚಿನವು ಹೊಸ ಲ್ಯಾಪ್‌ಟಾಪಿನವು, ಈ ಜಾಗಕ್ಕೆ ಕೂರುವಂಥದ್ದಲ್ಲ. ಅಳತೆಗೆ ಸರಿಯಾದ ಒಂದು ಸಿಕ್ಕಿತು. ಬ್ಲೂಟೂತೂ ಇತ್ತು. ಎರಡು ತೆಳುವಾದ ಆಂಟೆನಾ ವೈರುಗಳನ್ನು ಒತ್ತಿ ಕೂರಿಸಿ ಆನ್ ಮಾಡಿದಳು.

ಕಪ್ಪು ಪರದೆಯ ಮೇಲೆ ಒಂದೇ ಸಾಲು ಬಂದು ನಿಂತಿತು. ಈ ಕಾರ್ಡಿಗೆ ಅನುಮತಿ ಇಲ್ಲ, ತೆಗೆಯಿರಿ.

“ನೋಡು, ಕಂಪನಿ ಪಟ್ಟಿಯಲ್ಲಿ ಇರುವ ಕಾರ್ಡ್ ಬಿಟ್ಟು ಬೇರೆ ಹಾಕಿದ್ರೆ ಈ ಮಾಡೆಲ್ ಏಳುವುದೇ ಇಲ್ಲ,” ಅಂದರು ಗಣಪತಿಯಣ್ಣ. “ಹೊಸತು ತಗೊಳ್ಳಿ ಅಂತ ಹೇಳ್ಬಿಡು.”

ಹೇಳಬಹುದಿತ್ತು. ಒಂದು ಮೆಸೇಜಿನಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಅವಳಿಗೆ ಆಗಲಿಲ್ಲ... ಯಾಕೆಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಆ ಮಾಡೆಲಿನ ಸರ್ವಿಸ್ ಪುಸ್ತಕ ಹುಡುಕಿ ತೆಗೆದಳು. ಪಟ್ಟಿಯಲ್ಲಿದ್ದ ಕಾರ್ಡುಗಳು ಐದು. ಬ್ಲೂಟೂತ್ ಇಲ್ಲದವು ಶಿವಮೊಗ್ಗದಲ್ಲೇ ಸಿಗುತ್ತಿದ್ದವು. ಬ್ಲೂಟೂತ್ ಇರುವುದು ಒಂದೇ, ಅದೂ ಎಲ್ಲೂ ಇಲ್ಲ.

ಅಂಗಡಿಯ ಫೋನಿನಿಂದ ಮೆಸೇಜ್ ಕಳಿಸಿದಳು. ‘ಬ್ಲೂಟೂತ್ ಯಾಕೆ ಬೇಕು? ಅದಿಲ್ಲದಿದ್ದರೆ ನಾಳೆಯೇ ಕೊಡಬಹುದು.’

ಉತ್ತರ ತಕ್ಷಣ ಬಂತು.

‘ಕಿವಿಯ ಯಂತ್ರಕ್ಕೆ ಜೋಡಿಸಬೇಕು. ಅದಿಲ್ಲದೆ ನನಗೆ ಕೇಳುವುದಿಲ್ಲ. ನಿನಗೆ ಗೊತ್ತೇ ಇದೆಯಲ್ಲ ಶಿಲ್ಪಾ.’

ಅವಳು ಆ ಮೆಸೇಜನ್ನು ಮತ್ತೆ ಮತ್ತೆ ಓದಿದಳು.

ಕಿವಿ? ಗೊತ್ತೇ ಇದೆ? ನನಗೆ ಎಂತ ಗೊತ್ತಿದೆ?!

‘ಯಾವಾಗಿಂದ?’ ಎಂದು ಟೈಪ್ ಮಾಡಿದಳು.

‘ಎನ್.ಆರ್.ಪುರದಲ್ಲಿ ಆ ಜ್ವರ ಬಂದು ಹೋದ ಮೇಲೆ.’

ಆ ಜ್ವರ! ಅವಳು ಅಪ್ಪನಿಗೆ ವಿಷಯ ಹೇಳುವ ಹದಿನೈದು ದಿನ ಮೊದಲು ಬಂದ ಜ್ವರ ಅದು.

ಶಿಲ್ಪಶ್ರೀ ಫೋನ್ ಎತ್ತಿ ಒಂದೊಂದೇ ಊರಿನ ಅಂಗಡಿಗೆ ಕರೆ ಮಾಡತೊಡಗಿದಳು.

ಕಾರ್ಡ್ ಮಂಗಳೂರಿನ ಒಬ್ಬ ಹಳೆ ಸಾಮಾನಿನ ವ್ಯಾಪಾರಿಯ ಹತ್ತಿರ ಸಿಕ್ಕಿತು. ಗುರುವಾರ ಕೊರಿಯರ್ ಬಂತು. ಕೂರಿಸಿದಳು. ಲ್ಯಾಪ್‌ಟಾಪ್ ಈ ಸಲ ತಕರಾರಿಲ್ಲದೆ ಎದ್ದಿತು.

“ಅವರಿಗೆ ಮೆಸೇಜ್ ಹಾಕು, ಬಂದು ತಗೊಂಡು ಹೋಗ್ಲಿ,” ಅಂದರು ಗಣಪತಿಯಣ್ಣ.

“ಅವರ ಯಂತ್ರಕ್ಕೆ ಜೋಡಿಸಿ ನೋಡ್ಬೇಕು ಅಣ್ಣ. ನಾನೇ ಶೃಂಗೇರಿಗೆ ಹೋಗಿ ಬರ್ತೇನೆ.”

ಅವಳ ಕಣ್ಣು ನೋಡಿ ಅವರು ಬೇರೇನೂ ಕೇಳಲಿಲ್ಲ.

ಶೃಂಗೇರಿಯ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಓಣಿಯೊಳಗೆ ಒಂದು ಪುಟ್ಟ ಕೋಣೆ. ಬಾಗಿಲು ತಟ್ಟಿದಳು. ಕರೆದಳು. ಆಮೇಲೆ ನೆನಪಾಗಿ ಸುಮ್ಮನೆ ಒಳಗೆ ಹೋಗಿ ಅವನ ಎದುರು ನಿಂತಳು.

ಕರಡು ತಿದ್ದುತ್ತಿದ್ದ ಯಜ್ಞೇಶ ಬೆಚ್ಚಿ ಎದ್ದ. ಮೇಜಿನ ಮೇಲಿದ್ದ ಪುಟ್ಟ ಯಂತ್ರವನ್ನು ಅವಸರದಿಂದ ಬಲಗಿವಿಗೆ ಹಾಕಿಕೊಂಡ.

“ಮೊನ್ನೆ ಅಂಗಡಿಗೆ ಬರುವಾಗಲೂ ಬಸ್ಸಿನ ಸದ್ದಿಗೆ ತಲೆ ನೋಯ್ತು ಅಂತ ತೆಗೆದಿಟ್ಟಿದ್ದೆ,” ಅಂದ ತಪ್ಪು ಮಾಡಿದವನ ಹಾಗೆ. “ಎಡಗಿವಿ ಪೂರ್ತಿ ಹೋಗಿದೆ. ಇದರಲ್ಲಿ ಸ್ವಲ್ಪ. ನೀನು ಮುಖ ತೋರಿಸಿ ನಿಧಾನ ಮಾತಾಡಿದ್ರೆ ಅರ್ಥ ಆಗ್ತದೆ... ನಿಂಗೆ ಕಷ್ಟ ಇಲ್ಲದಿದ್ರೆ.”

ಅವಳು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು.

“ಅಪ್ಪ ಹೇಗಿದ್ದಾರೆ?” ಅವನು ಕೇಳಿದ.

ಹಾಗಾದರೆ ಮೊನ್ನೆ ಅವಳು ಬೆನ್ನು ತಿರುಗಿಸಿ ಹೇಳಿದ ಒಂದು ಮಾತೂ ಅವನಿಗೆ ಕೇಳಿರಲಿಲ್ಲ! ಇನ್ನೊಂದು ಸಲ ಹೇಳಬೇಕು. ಈ ಸಲ ಮುಖ ನೋಡಿ.

“ಅಪ್ಪ... ಇಲ್ಲ ಯಜ್ಞೇಶ. ಹೋಗಿ ಎರಡು ವರ್ಷ ಆಯ್ತು.”

ಅವನು ಅವಳ ತುಟಿಗಳನ್ನೇ ನೋಡುತ್ತಾ ನಿಂತ. ಓದಿದ್ದು ತಪ್ಪಿರಲಿ ಎನ್ನುವ ಹಾಗೆ.

“ಅವತ್ತು... ಕೊನೇ ಸಲ ಫೋನಿನಲ್ಲಿ ನಾನು ಎಂತ ಹೇಳಿದ್ದೆ, ಗೊತ್ತಾ ನಿಂಗೆ?” ಅವಳು ನಿಧಾನವಾಗಿ ಕೇಳಿದಳು.

ಅವನು ತಲೆ ತಗ್ಗಿಸಿದ. “ಇಲ್ಲ. ಕಿವಿ ದಿನಾ ಸ್ವಲ್ಪ ಸ್ವಲ್ಪ ಹೋಗ್ತಾ ಇತ್ತು. ಅವತ್ತು ಮಾತು ತಿಳೀಲಿಲ್ಲ, ನೀನು ತುಂಬ ಖುಷಿಯಲ್ಲಿ ಇದ್ದೆ ಅಂತ ಮಾತ್ರ ಗೊತ್ತಾಯ್ತು. ಮತ್ತೆ ಮತ್ತೆ ‘ಎಂತ, ಎಂತ’ ಅಂತ ಕೇಳ್ಲಿಕ್ಕೆ ನಾಚಿಕೆ ಆಯ್ತು. ನಿನ್ನ ಖುಷಿ ಹಾಳಾಗ್ತದೆ ಅಂತ... ಹೂಂ ಅಂದೆ.”

ಅವಳು ಹೇಳಲಾರದೆ ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡಿದಳು. ‘ಅಪ್ಪ ಒಪ್ಪಿದ್ದಾರೆ, ಭಾನುವಾರ ಊಟಕ್ಕೆ ಬಾ ಅಂದಿದ್ದೆ. ಅಪ್ಪ ನಾಲ್ಕು ಗಂಟೆವರೆಗೂ ಊಟ ಮಾಡದೆ ಕಾದರು.’

ಅವನು ಓದಿದ. ಮತ್ತೆ ಓದಿದ. ಮೇಜಿನ ಅಂಚು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ಅಷ್ಟು ದೊಡ್ಡ ಗಂಡಸು ಹಾಗೆ ಅತ್ತದ್ದನ್ನು ಅವಳು ಎಂದೂ ನೋಡಿರಲಿಲ್ಲ. ತನ್ನ ಅಳು ಎಷ್ಟು ಜೋರಾಗಿದೆ ಎಂದೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

“ನೀನು ಮಾತು ಬಿಟ್ಟಾಗ... ನನ್ನ ಕಿವಿ ವಿಷಯ ಯಾರೋ ನಿಂಗೆ ಹೇಳಿದ್ದಾರೆ, ಅದಕ್ಕೇ ದೂರ ಆದೆ ಅಂದ್ಕೊಂಡೆ. ಸರಿಯೇ ಮಾಡಿದ್ಲು ಅಂತ...”

“ಒಂದು ಸಲ ಬಂದು ಕೇಳಬಾರದಿತ್ತಾ ನೀನು!” ಅವಳು ಅವನ ಭುಜ ಹಿಡಿದು ಅಲುಗಿಸಿದಳು. ಮರುಕ್ಷಣ ಅವಳ ಕೈ ಸಡಿಲಾಯಿತು. “ನಾನೂ ಬಂದು ಕೇಳಬಹುದಿತ್ತು. ಸಿಟ್ಟು ಮಾಡಿಕೊಂಡು ಕೂತೆ. ಅಪ್ಪ ಕೇಳಿದಾಗೆಲ್ಲ ನೀನು ಮೋಸಗಾರ ಅಂತ ಹೇಳ್ದೆ... ಅದನ್ನೇ ಕೇಳಿಕೊಂಡು ಹೋದ್ರು ಅವರು.”

ಇದನ್ನು ಇನ್ನು ಯಾರೂ ಸರಿ ಮಾಡಲು ಸಾಧ್ಯವಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಬಹಳ ಹೊತ್ತಿನ ಮೇಲೆ ಯಜ್ಞೇಶ ಕಣ್ಣೊರೆಸಿಕೊಂಡ. “ಹೋಗು ಶಿಲ್ಪಾ. ಈ ಬಲಗಿವಿಯೂ ಹೋಗಬಹುದು ಅಂತಾರೆ ಡಾಕ್ಟ್ರು. ಯಾವಾಗ ಅಂತ ಅವರಿಗೂ ಗೊತ್ತಿಲ್ಲ.”

ಅವಳು ಹೋಗಲಿಲ್ಲ. ಮುಖ ತೊಳೆದು ಬಂದು, “ಕುತ್ತಿಗೆಗೆ ಹಾಕುವುದು ಕೊಡು” ಅಂದಳು. ಲ್ಯಾಪ್‌ಟಾಪಿನ ಧ್ವನಿಯನ್ನು ಬ್ಲೂಟೂತಿನಲ್ಲಿ ಪಡೆದು ನೇರ ಕಿವಿಯ ಯಂತ್ರಕ್ಕೆ ಕೊಡುವ ಪುಟ್ಟ ಪಟ್ಟಿ ಅದು. ವೈಫೈ ಸಿಕ್ಕಿತು. ಎರಡು ಸಲ ತಪ್ಪಿ ಮೂರನೆಯ ಸಲ ಪಟ್ಟಿಯೂ ಜೋಡಣೆಯಾಯಿತು.

“ಇಲ್ಲೇ ಕೂತಿರು,” ಎಂದು ಸನ್ನೆ ಮಾಡಿ ಅವಳು ಹೊರಗೆ ಹೋದಳು. ಓಣಿಯ ತುದಿಯಲ್ಲಿ ನಿಂತು, ಅವನ ನಂಬರನ್ನು ಬ್ಲಾಕ್‌ನಿಂದ ತೆಗೆದು, ಇಂಟರ್ನೆಟ್ ಮೂಲಕ ಅವನ ಲ್ಯಾಪ್‌ಟಾಪಿಗೆ ಕರೆ ಮಾಡಿದಳು.

“ಯಜ್ಞೇಶ... ಕೇಳ್ತದಾ?”

ಆ ಕಡೆ ಉಸಿರು ಮಾತ್ರ.

“ಯಜ್ಞೇಶ?”

“ಕೇಳ್ತದೆ.” ಅವನ ದನಿ ಒಡೆದಿತ್ತು. “ಶಿಲ್ಪಾ, ಕೇಳ್ತದೆ!”

“ಹೇಗೆ ಕೇಳ್ತದೆ?”

“ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ.”

ಅಳುತ್ತಲೇ ಅವಳಿಗೆ ನಗು ಬಂತು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು.

“ನಾಳೆ ಇದೂ ಕೇಳದೆ ಹೋದ್ರೆ?” ಅವನು ಮೆಲ್ಲನೆ ಕೇಳಿದ.

“ಎದುರು ಕೂತು ಮಾತಾಡ್ತೇನೆ. ಅದೂ ಆಗದಿದ್ರೆ ಬರೆದು ಕೊಡ್ತೇನೆ.” ಅವಳು ಉಸಿರು ಎಳೆದುಕೊಂಡಳು. “ಸಿಟ್ಟು ಪೂರ್ತಿ ಹೋಗಿಲ್ಲ ಮಾರಾಯ. ನಿನ್ನ ಮೇಲೂ, ನನ್ನ ಮೇಲೂ. ಅಪ್ಪನ ನೆನಪಾದಾಗ ಅದು ಮತ್ತೆ ಬರ್ತದೆ. ಆದ್ರೂ... ನಂಗೆ ನೀನೇ ಬೇಕು.”

ಆ ಕಡೆ ಕುರ್ಚಿ ಎಳೆದ ಸದ್ದು.

“ಇನ್ನೊಂದು ಸಲ ಹೇಳು,” ಅಂದ ಯಜ್ಞೇಶ.

“ಯಾಕೆ... ಕೇಳ್ಲಿಲ್ವಾ?”

“ಕೇಳ್ತು ಮಾರಾಯ್ತಿ... ಅದಕ್ಕೇ.”